ಮಣ್ಣಲ್ಲಿ ಸಿಕ್ಕ ಹಳೇ ಲೋಹದ ಬಟನ್ ಎಷ್ಟು ಹಳೇದು? ಮೊದಲು ತಿರುಗಿಸಿ ನೋಡಿ

ಇಂಗ್ಲೆಂಡಿನ ಹೊಲಗಳಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಓಡಾಡುವವರಿಗೆ ನಾಣ್ಯಕ್ಕಿಂತ ಜಾಸ್ತಿ ಸಿಗೋದು ಬಟನ್ನೇ. ಮೆಷಿನ್ ಚೆನ್ನಾಗಿ ಕೂಗುತ್ತದೆ, ಆಸೆಯಿಂದ ಅಗೆಯುತ್ತೀರಿ, ನೋಡಿದರೆ ಕಿಲುಬು ಹಿಡಿದ ಒಂದು ಬಿಲ್ಲೆ. ಮೇಲೆ ಚಿತ್ರ ಇಲ್ಲ, ಅಕ್ಷರ ಇಲ್ಲ. ತುಂಬಾ ಜನ ಅದನ್ನು ಕಸದ ಚೀಲಕ್ಕೆ ಹಾಕಿ ಮುಂದೆ ಹೋಗುತ್ತಾರೆ. ಅವಸರ ಬೇಡ. ಮುಂದೆ ಏನೂ ಇಲ್ಲದ ಬಟನ್ನಿನ ಬೆನ್ನ ಮೇಲೆ ಬೇಕಾದಷ್ಟು ವಿಷಯ ಇರುತ್ತದೆ. ಮುಂದೆ ಚೆಂದದ ಕಿರೀಟವೋ ಸಿಂಹವೋ ಇದ್ದರೂ ಅಷ್ಟೇ, ಕಾಲ ತೀರ್ಮಾನ ಮಾಡೋದು ಹೆಚ್ಚಾಗಿ ಹಿಂಬದಿಯೇ. ಮುಂಬದಿಯ ಚಿತ್ರವನ್ನು ಯಾರು ಯಾವಾಗ ಬೇಕಾದರೂ ನಕಲು ಮಾಡಬಹುದು. ಬಟನ್ ತಯಾರಿಸುವ ವಿಧಾನ ಮಾತ್ರ ಆಯಾ ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತಾ ಹೋಯಿತು, ಅದರ ಗುರುತು ಹಿಂದೆ ಉಳಿದಿರುತ್ತದೆ.

ಇಷ್ಟೊಂದು ಬಟನ್ ಹೊಲಕ್ಕೆ ಬಂದಿದ್ದಾದರೂ ಹೇಗೆ? ಕೆಲಸದವರ ಅಂಗಿಯಿಂದ ಕಿತ್ತು ಬಿದ್ದಿದ್ದು ಒಂದಿಷ್ಟು. ಇನ್ನೊಂದಿಷ್ಟು ಗೊಬ್ಬರದ ಜೊತೆ ಬಂದಿದ್ದು. ಊರುಗಳ ಚಿಂದಿ ಬಟ್ಟೆ, ಉಣ್ಣೆ ಗಿರಣಿಯ ಚೂರುಪಾರು ಎಲ್ಲವನ್ನೂ ಗೊಬ್ಬರ ಅಂತ ಹೊಲಕ್ಕೆ ಸುರಿಯುತ್ತಿದ್ದರು, ಕೆಂಟ್ ಕಡೆಯ ಹಾಪ್ (ಬಿಯರ್‌ಗೆ ಹಾಕುವ ಹೂವಿನ ಬಳ್ಳಿ) ತೋಟಗಳಲ್ಲಂತೂ ಜಾಸ್ತಿ. ಬಟ್ಟೆ ಕೊಳೆಯಿತು, ಬಟನ್ ಉಳಿಯಿತು. ಹಾಗಾಗಿ ಹೊಲದಲ್ಲಿ ಒಂದು ಮಿಲಿಟರಿ ಬಟನ್ ಸಿಕ್ಕ ಕೂಡಲೇ ಇಲ್ಲಿ ಸೈನ್ಯ ಬೀಡು ಬಿಟ್ಟಿತ್ತು ಅಂತ ಕತೆ ಕಟ್ಟೋಕೆ ಹೋಗಬೇಡಿ. ಯಾವುದೋ ಊರಿನ ಹಳೇ ಕೋಟಿನ ಚಿಂದಿಯ ಜೊತೆ ಬಂದಿದ್ದಿರಬಹುದು.

ತೊಳೆಯುವ ವಿಷಯ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮವರಿಗೆ ಹಿತ್ತಾಳೆ ಕಂಡರೆ ಕೈ ಹುಣಸೆಹಣ್ಣಿನ ಕಡೆ ಹೋಗುತ್ತದೆ. ದಯವಿಟ್ಟು ಬೇಡ. ಹುಣಸೆಹಣ್ಣು, ನಿಂಬೆಹಣ್ಣು, ವಿನೆಗರ್, ಪೀತಾಂಬರಿ ಪುಡಿ, ಸ್ಟೀಲ್ ನಾರು ಯಾವುದೂ ಬೇಡ. ಹಳೇ ಬಟನ್‌ಗಳ ಮೇಲಿನ ಚಿನ್ನದ ಗಿಲೀಟು ಎಷ್ಟು ತೆಳು ಅಂದರೆ ಒಂದು ಸಲ ತಿಕ್ಕಿದರೆ ಹೋಯಿತು. ಹುಳಿ ತಾಗಿದರೆ ಕಿಲುಬಿನ ಜೊತೆ ಅದರಡಿ ಇರುವ ಅಕ್ಷರವೂ ಅಳಿಯುತ್ತದೆ. ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಹಾಕಿ, ಮಣ್ಣು ಮೆತ್ತಗಾದ ಮೇಲೆ ಮರದ ಟೂತ್‌ಪಿಕ್‌ನಿಂದ ಸ್ವಲ್ಪಸ್ವಲ್ಪವೇ ಬಿಡಿಸಿ. ಹಿಂದಿನ ಕೊಂಡಿಯ ಬುಡದಲ್ಲಿ ತುಂಬಾ ಹುಷಾರಾಗಿರಿ. ಗಿಲೀಟು ಉಳಿದಿದ್ದರೆ ಅಲ್ಲೇ ಉಳಿದಿರುತ್ತದೆ, ಉಜ್ಜಾಟ ಅಲ್ಲಿಗೆ ತಲುಪಿರೋದಿಲ್ಲ. ಪ್ಯೂಟರ್, ಅಂದರೆ ತವರದ ಮಿಶ್ರಲೋಹದ ಬಟನ್ ಆದರೆ ನೀರಿನಲ್ಲೂ ಜಾಸ್ತಿ ಹೊತ್ತು ಬಿಡಬೇಡಿ. ಬೂದು ಬಣ್ಣದ ಸಿಪ್ಪೆ ಏಳುತ್ತಿದ್ದರೆ ಮುಟ್ಟದೆ ಒಣಗಿಸಿ ಇಡಿ.

ಸಾಮಾನು ಜಾಸ್ತಿ ಏನೂ ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಒಂದು ವರ್ನಿಯರ್ ಕ್ಯಾಲಿಪರ್, ಒಂದು ಟಾರ್ಚ್. ಟಾರ್ಚನ್ನು ಮೇಲಿಂದ ಹಿಡಿಯಬೇಡಿ. ಕೋಣೆ ಕತ್ತಲು ಮಾಡಿ, ಬೆಳಕು ಬಟನ್ನಿನ ಮೈಗೆ ಸವರಿಕೊಂಡು ಹೋಗುವ ಹಾಗೆ ಪಕ್ಕದಿಂದ ಬಿಡಿ, ಬಟನ್ನನ್ನು ನಿಧಾನಕ್ಕೆ ತಿರುಗಿಸುತ್ತಾ ಹೋಗಿ. ಬರೀ ಕಣ್ಣಿಗೆ ಬೋಳಾಗಿ ಕಂಡಿದ್ದರಲ್ಲಿ ಅಕ್ಷರ ಏಳೋದು ಹೀಗೆ ನೋಡಿದಾಗಲೇ.

ಈಗ ತಿರುಗಿಸಿ. ಮೊದಲ ಪ್ರಶ್ನೆ: ಕೊಂಡಿ ಹೇಗೆ ಕೂತಿದೆ? (ಶ್ಯಾಂಕ್ ಅಂತಾರೆ, ದಾರ ಹಾಯಿಸುವ ಆ ಸಣ್ಣ ಬಳೆ. ಮುರಿದು ಹೋಗಿದ್ದರೂ ಬುಡದ ಗುರುತು ಇರುತ್ತದೆ.)

ಬಟನ್ ಗಾತ್ರದಲ್ಲಿ ಚಿಕ್ಕದಾಗಿ, ದಪ್ಪಗೆ, ಗುಂಡಗೆ ಇದ್ದು, ಕೊಂಡಿಯೂ ಅದೇ ಎರಕದಲ್ಲಿ ಬಂದಿದ್ದರೆ ಅಥವಾ ಗಟ್ಟಿ ಮೊಳಕೆಯಂಥ ಭಾಗಕ್ಕೆ ತೂತು ಕೊರೆದಿದ್ದರೆ ನಿಮ್ಮ ಕೈಲಿರೋದು 16 ಅಥವಾ 17ನೇ ಶತಮಾನದ್ದಾಗಿರುವ ಸಾಧ್ಯತೆ ಜಾಸ್ತಿ. ಅವು ಚಪ್ಪಟೆ ಇರೋದು ಕಡಿಮೆ. ಇನ್ನು 18ನೇ ಶತಮಾನದ ಎರಕದ ಬಟನ್‌ಗಳಲ್ಲಿ ತಂತಿಯ ಬಳೆಯನ್ನು ಅಚ್ಚಿನೊಳಗೆ ಮೊದಲೇ ಇಟ್ಟು ಆಮೇಲೆ ಲೋಹ ಸುರಿಯುತ್ತಿದ್ದರು. ಹಾಗಾಗಿ ಕೊಂಡಿಯ ಬುಡದಲ್ಲಿ ಒಂದು ಸಣ್ಣ ದಿಬ್ಬ ಇರುತ್ತದೆ. ಎಷ್ಟೋ ಸಲ ಬೆನ್ನ ಮೇಲೆ ಅಚ್ಚಿನ ಎರಡು ಭಾಗ ಸೇರಿದ ಗೆರೆ ಅಡ್ಡಕ್ಕೆ ಕಾಣುತ್ತದೆ. ಒಳಗೊಳಗೇ ವೃತ್ತ ಬರೆದ ಹಾಗೆ ಸಣ್ಣ ಗೆರೆಗಳಿದ್ದರೆ ಎರಕದ ಮೇಲೆ ಲೇತ್‌ಗೆ ಹಾಕಿ ಸಮ ಮಾಡಿದ್ದಾರೆ ಅಂತ. ಇದೂ 18ನೇ ಶತಮಾನದ ಗುರುತು.

ಇದರಲ್ಲೇ ಟೊಂಬಾಕ್ ಅಂತ ಒಂದು ಜಾತಿ ಇದೆ. ತಾಮ್ರ, ಸತುವಿನ ಬಿಳಿ ಮಿಶ್ರಲೋಹ. ಒಮ್ಮೆ ನೋಡಿದರೆ ಆಮೇಲೆ ದೂರದಿಂದಲೇ ಗೊತ್ತಾಗುತ್ತದೆ, ಯಾಕೆಂದರೆ ಸುತ್ತ ಇರುವ ಹಿತ್ತಾಳೆ ಬಟನ್‌ಗಳು ಹಸಿರುಗಟ್ಟಿ ಹಾಳಾಗಿರುವಾಗ ಇದು ಮಾತ್ರ ಬೂದು ಬೆಳ್ಳಗೆ, ನಿನ್ನೆ ಬಿದ್ದ ಹಾಗೆ ಮೇಲೆ ಬರುತ್ತದೆ. ಬೆಳ್ಳಿ ಅಂತ ಖುಷಿಪಡಬೇಡಿ. ಆದರೆ ಎಸೆಯಲೂ ಬೇಡಿ, ಇವು ಹೆಚ್ಚಾಗಿ 18ನೇ ಶತಮಾನದವು. ಅದೇ ಶತಮಾನದ ಕೊನೇ ಕಾಲು ಭಾಗದಲ್ಲಿ ಶೋಕಿ ಮಾಡುವವರ ಕೋಟುಗಳಿಗೆ ಭಾರೀ ಅಗಲದ ಚಪ್ಪಟೆ ಬಟನ್ ಬಂತು, ಒಂದು ಇಂಚು ದಾಟಿದ್ದು, ಮೇಲೆಲ್ಲ ಕೈಯಿಂದ ಕೆತ್ತಿದ ಹೂವು, ನಕ್ಷತ್ರ. ಡಿಟೆಕ್ಟರಿನವರು ಇದನ್ನು ಡ್ಯಾಂಡಿ ಬಟನ್ ಅನ್ನುತ್ತಾರೆ. ನನ್ನ ಕೇಳಿದರೆ ಹೊಲದಲ್ಲಿ ಸಿಗುವ ಬಟನ್‌ಗಳಲ್ಲಿ ಇದಕ್ಕಿಂತ ಚೆಂದದ್ದು ಇನ್ನೊಂದಿಲ್ಲ.

ಆಮೇಲೆ ಬರೋದು ತಗಡಿನಿಂದ ಕತ್ತರಿಸಿದ ಚಪ್ಪಟೆ ಬಿಲ್ಲೆ, ಹಿಂದೆ ಬೆಸುಗೆ ಹಾಕಿದ ತಂತಿ ಕೊಂಡಿ. 18ನೇ ಶತಮಾನದ ಉತ್ತರಾರ್ಧದಿಂದ 19ರ ಮೊದಲ ಕೆಲವು ದಶಕದವರೆಗೆ ಇದರದ್ದೇ ರಾಜ್ಯ. ತಂತಿಯ ಎರಡು ತುದಿ ಜೋಡಿಸಿ ನೇರ ಬೆಸುಗೆ ಹಾಕಿದ್ದರೆ ಅದಕ್ಕೆ ಆಲ್ಫಾ ಅಂತಲೂ, ತುದಿಗಳನ್ನು ಪಾದದ ಹಾಗೆ ಹೊರಗೆ ಚಾಚಿಸಿ ಬೆಸೆದಿದ್ದರೆ ಒಮೇಗಾ ಅಂತಲೂ ಹೆಸರು. ಒಮೇಗಾ ಬಹುಪಾಲು 1800ರ ಈಚೆಯದು. ಆದರೆ ಇದೊಂದನ್ನೇ ನಂಬಿ ವರ್ಷ ಹೇಳಬೇಡಿ.

ದೊಡ್ಡ ತಿರುವು 1813. ಬರ್ಮಿಂಗ್‌ಹ್ಯಾಮಿನಲ್ಲಿ ಬೆಂಜಮಿನ್ ಸ್ಯಾಂಡರ್ಸ್ ಅನ್ನುವವನು ಎರಡು ತಗಡು ಸೇರಿಸಿ ಬಟನ್ ಮಾಡುವ ವಿಧಾನಕ್ಕೆ ಪೇಟೆಂಟ್ ತೆಗೆದುಕೊಂಡ. ಮುಂದಿನ ತಗಡಿನ ಅಂಚನ್ನು ಹಿಂದಿನ ತಗಡಿನ ಮೇಲೆ ಸುತ್ತಲೂ ಮಡಚಿ ಒತ್ತೋದು, ಥೇಟ್ ಕರಿಗಡುಬಿನ ಅಂಚು ಮಡಚಿದ ಹಾಗೆ. ಒಳಗೆ ಟೊಳ್ಳು. ನಿಮ್ಮ ಬಟನ್ನಿನ ಹಿಂದೆ ಸುತ್ತಲೂ ಆ ಮಡಿಕೆ ಕಾಣುತ್ತಿದ್ದರೆ, ಉಬ್ಬಿಕೊಂಡು ಹಗುರವಾಗಿದ್ದರೆ ಅದು 1813ಕ್ಕಿಂತ ಈಚೆಯದು. ಒಂದು ಎಚ್ಚರಿಕೆ: 18ನೇ ಶತಮಾನದಲ್ಲಿ ಮೂಳೆ ಅಥವಾ ಮರದ ಬಿಲ್ಲೆಯ ಮೇಲೆ ತೆಳು ತಗಡು ಹೊದಿಸಿದ ಬಟನ್ನೂ ಇತ್ತು. ಮೂಳೆ, ಮರ ಕೊಳೆತು ಬರೀ ತಗಡಿನ ಚಿಪ್ಪು ಸಿಗುತ್ತದೆ. ಅದನ್ನು ಮುರಿದ ಎರಡು ತಗಡಿನ ಬಟನ್ ಅಂದುಕೊಳ್ಳೋದು ಸುಲಭ.

ಇನ್ನು ಹಿಂಬರಹ. ಇಲ್ಲಿ ಸ್ವಲ್ಪ ಹೊತ್ತು ಕೂರೋಣ, ಯಾಕೆಂದರೆ ಬಟನ್ ಓದೋದರಲ್ಲಿ ನಿಜವಾದ ಮಜಾ ಇರೋದು ಇಲ್ಲೇ.

ನನ್ನ ಮೇಜಿನ ಮೇಲೆ ಇರುವ ಒಂದನ್ನೇ ತೆಗೆದುಕೊಳ್ಳಿ. 22 ಮಿಲಿಮೀಟರ್ ಅಗಲ, ಚಪ್ಪಟೆ, ಮುಂದೆ ಖಾಲಿ. ಕೊಂಡಿ ಒಂದು ಕಡೆಗೆ ಬಾಗಿ ಬೆನ್ನಿಗೆ ಅಂಟಿಕೊಂಡಿದೆ, ಆದರೆ ಬೆಸುಗೆ ಬಿಟ್ಟಿಲ್ಲ, ಅದರ ಪಾದಗಳು ಹೊರಗೆ ಚಾಚಿವೆ. ಪಕ್ಕದ ಬೆಳಕಿನಲ್ಲಿ ಕೊಂಡಿಯ ಸುತ್ತ ಅಕ್ಷರಗಳ ಒಂದು ಸುತ್ತು ಕಾಣುತ್ತದೆ: ಟ್ರೆಬಲ್ ಗಿಲ್ಟ್ (ಮೂರು ಪಟ್ಟು ಚಿನ್ನದ ಗಿಲೀಟು ಅಂತ), ಆಮೇಲೆ ಒಂದು ಸಣ್ಣ ನಕ್ಷತ್ರ, ಆಮೇಲೆ ಸ್ಟ್ಯಾಂಡರ್ಡ್ ಕಲರ್. ಹೆಸರಿಲ್ಲ, ಊರಿಲ್ಲ. ಕೊಂಡಿಯ ನೆರಳಿನಲ್ಲಿ ಕಡಲೆಬೇಳೆಯಷ್ಟು ಜಾಗದಲ್ಲಿ ಹಳದಿ ಹೊಳಪು ಇನ್ನೂ ಇದೆ. ಇದನ್ನು ಓದೋದು ಹೇಗೆ ಅಂದರೆ: ಒಂದೇ ತಗಡು, ಬೆಸೆದ ಕೊಂಡಿ, ಗುಣಮಟ್ಟದ ಜಾಹೀರಾತು. ಈ ಮೂರೂ ಒಟ್ಟಿಗೆ ಬರುವ ಕಾಲ 1800ರಿಂದ 1840ರ ಒಳಗೆ. ಖಾಲಿ ಬಿಲ್ಲೆಯಿಂದ ನಲವತ್ತು ವರ್ಷದ ಕಿಟಕಿ ಸಿಕ್ಕಿತಲ್ಲ, ಅಷ್ಟು ಸಾಕು.

ಈ ಟ್ರೆಬಲ್ ಗಿಲ್ಟಿನ ಹಿಂದೆ ಒಂದು ಕಾನೂನು ಇದೆ. ಬರೀ ಹಿತ್ತಾಳೆಗೆ ಬಣ್ಣ ಬಳಿದು ಚಿನ್ನದ ಲೇಪ ಅಂತ ಮಾರುವವರು ಜಾಸ್ತಿಯಾದ ಕಾರಣ 1796ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಬಟನ್‌ಗಳಿಗಾಗಿಯೇ ಒಂದು ಕಾಯ್ದೆ ಮಾಡಿತು. ಒಂದು ಇಂಚಿನ 144 ಬಟನ್ನಿಗೆ ಕನಿಷ್ಠ 5 ಗ್ರೇನ್ ಚಿನ್ನ ಹಾಕಿದ್ದರೆ ಮಾತ್ರ ಗಿಲ್ಟ್ ಅಂತ ಒತ್ತಬಹುದು. 5 ಗ್ರೇನ್ ಅಂದರೆ ಒಂದು ಗ್ರಾಮಿನ ಮೂರನೇ ಒಂದು ಭಾಗದಷ್ಟು. ಟ್ರೆಬಲ್ ಅಂದರೆ ಅದರ ಮೂರು ಪಟ್ಟು, ಅಂದರೆ 144 ಬಟನ್ನಿಗೆ ಒಟ್ಟು ಒಂದು ಗ್ರಾಂ! ನಮ್ಮ ಅಜ್ಜಿಯರು ಇದನ್ನು ಕೇಳಿದ್ದರೆ ನಕ್ಕುಬಿಡುತ್ತಿದ್ದರು. ಆ ಚಿನ್ನವನ್ನು ಪಾದರಸದಲ್ಲಿ ಕಲಸಿ, ಬಟನ್ನಿಗೆ ಸವರಿ, ಕಾಯಿಸಿ ಪಾದರಸ ಆವಿ ಮಾಡುತ್ತಿದ್ದರು. ಕೆಲಸಗಾರರ ಆರೋಗ್ಯ ಏನಾಗುತ್ತಿತ್ತು ಅಂತ ಬೇರೆ ಹೇಳಬೇಕಿಲ್ಲ. 1840ರಲ್ಲಿ ಬರ್ಮಿಂಗ್‌ಹ್ಯಾಮಿನದೇ ಎಲ್ಕಿಂಗ್ಟನ್ ಕಂಪನಿಯವರು ವಿದ್ಯುತ್ತಿನಿಂದ ಲೇಪ ಹಾಕುವ ಪೇಟೆಂಟ್ ಪಡೆದ ಮೇಲೆ ಹಳೇ ಪದ್ಧತಿ ಹಿಂದೆ ಸರಿಯಿತು. ಅಷ್ಟು ಹೊತ್ತಿಗೆ ಬಟ್ಟೆ ಹೊದಿಸಿದ ಬಟನ್ ಫ್ಯಾಷನ್ ಆಗಿ ಗಿಲೀಟು ಬಟನ್ನಿನ ವ್ಯಾಪಾರವೂ ಬಿದ್ದುಹೋಗಿತ್ತು.

ಹಿಂದೆ ಕಂಪನಿಯ ಹೆಸರಿದ್ದರೆ ಕೆಲಸ ಇನ್ನೂ ಸುಲಭ. ಲಂಡನ್ನಿನ ಫರ್ಮಿನ್ 17ನೇ ಶತಮಾನದಿಂದ ಇದೆ, ಬರ್ಮಿಂಗ್‌ಹ್ಯಾಮಿನ ಹ್ಯಾಮಂಡ್ ಟರ್ನರ್ 18ನೇ ಶತಮಾನದ್ದು, ಜೆ.ಆರ್. ಗಾಂಟ್ 1884ರದ್ದು. ಬರೀ ಹೆಸರು ನೋಡಿ ನಿಲ್ಲಬೇಡಿ. ಕಂಪನಿಗಳು ಅಂಗಡಿ ಬದಲಿಸುತ್ತಿದ್ದವು, ಪಾಲುದಾರರು ಬದಲಾಗುತ್ತಿದ್ದರು. ಫರ್ಮಿನ್ ಬಟನ್ನಿನ ಹಿಂದೆ 153 ಸ್ಟ್ರಾಂಡ್ ಅಂತ ವಿಳಾಸ ಇದೆಯೋ ಕಾಂಡ್ಯುಟ್ ಸ್ಟ್ರೀಟ್ ಅಂತ ಇದೆಯೋ ಅನ್ನೋದರ ಮೇಲೆ ಕಾಲ ಬೇರೆಯಾಗುತ್ತದೆ. ವಿಳಾಸ, "ಅಂಡ್ ಸನ್ಸ್", "ಅಂಡ್ ಕಂಪನಿ", ಎಲ್ಲವನ್ನೂ ಇದ್ದ ಹಾಗೇ ಬರೆದುಕೊಂಡು ಆಮೇಲೆ ಹುಡುಕಿ. ಹೆಸರಿನ ಕೊನೆಗೆ ಲಿಮಿಟೆಡ್ ಇದ್ದರೆ 1855ರ ಈಚೆಯದು, ಸೀಮಿತ ಹೊಣೆಯ ಕಾಯ್ದೆ ಬಂದಿದ್ದೇ ಆ ವರ್ಷ. ರಿಜಿಸ್ಟರ್ಡ್ ಡಿಸೈನಿನ ವಜ್ರದಾಕಾರದ ಗುರುತು ಇದ್ದರೆ 1842ರಿಂದ 1883, ಬರೀ ರಿಜಿಸ್ಟರ್ಡ್ ನಂಬರ್ ಇದ್ದರೆ 1884ರ ನಂತರ. ದೇಶದ ಹೆಸರು ಒತ್ತಿದ್ದರೆ, ಇಂಗ್ಲೆಂಡ್ ಅಂತಲೋ ಜರ್ಮನಿ ಅಂತಲೋ, ಬಹುತೇಕ 1890ರ ಈಚೆ. ಅಮೆರಿಕ ಆ ವರ್ಷದ ಮೆಕಿನ್ಲಿ ಸುಂಕದ ಕಾಯ್ದೆಯಲ್ಲಿ ಆಮದು ಮಾಲಿನ ಮೇಲೆ ದೇಶದ ಹೆಸರು ಕಡ್ಡಾಯ ಮಾಡಿತು.

ನಾಲ್ಕು ತೂತಿನ ಹಿತ್ತಾಳೆ ಬಟನ್ ಸಿಕ್ಕರೆ ಅದು ಪ್ಯಾಂಟಿನದು. ಹೆಚ್ಚಾಗಿ 19ರ ಉತ್ತರಾರ್ಧ ಮತ್ತು 20ರ ಶುರು. ಅಂಚಿನಲ್ಲಿ "ಅವರ್ ಓನ್ ಮೇಕ್", "ನೆ ಪ್ಲಸ್ ಅಲ್ಟ್ರಾ" ಅಂತ ಬಡಾಯಿ ಇರುತ್ತದೆ, ಅದರಿಂದ ಉಪಯೋಗ ಇಲ್ಲ. ಆದರೆ ಟೈಲರ್ ಹೆಸರು, ಊರು ಇದ್ದರೆ ಬಿಡಬೇಡಿ. ಲೆಸ್ಟರ್ ವಿಶ್ವವಿದ್ಯಾಲಯದವರು ಹಳೇ ಟ್ರೇಡ್ ಡೈರೆಕ್ಟರಿಗಳನ್ನು ಸ್ಕ್ಯಾನ್ ಮಾಡಿ ಆನ್‌ಲೈನಿನಲ್ಲಿ ಇಟ್ಟಿದ್ದಾರೆ. ಆ ಟೈಲರ್ ಯಾವ ಬೀದಿಯಲ್ಲಿ, ಯಾವ ವರ್ಷದಿಂದ ಯಾವ ವರ್ಷದವರೆಗೆ ಅಂಗಡಿ ಇಟ್ಟಿದ್ದ ಅಂತ ಅಲ್ಲಿ ಸಿಕ್ಕಿಬಿಡಬಹುದು.

ಹಿಂಬದಿ ಮುಗಿಸಿದ ಮೇಲೆ ಮುಂದೆ ಬನ್ನಿ. ಕಿರೀಟ ಇದ್ದರೆ ಕಮಾನು ನೋಡಿ. ಕಮಾನು ನಡುವೆ ತಗ್ಗದೆ ಗುಮ್ಮಟದ ಹಾಗೆ ದುಂಡಗಿದ್ದರೆ ರಾಜನ ಕಿರೀಟ, 1901ರಿಂದ 1952. ನಡುವೆ ತಗ್ಗಿದ್ದರೆ ರಾಣಿಯ ಕಾಲದ್ದು, ಆದರೆ ಯಾವ ರಾಣಿ? ವಿಕ್ಟೋರಿಯಾ 1901ರಲ್ಲಿ ತೀರಿಕೊಂಡಳು, ಎಲಿಜಬೆತ್ 1952ರಲ್ಲಿ ಬಂದಳು, ಸಣ್ಣ ಬಟನ್ನಿನ ಮೇಲೆ ಎರಡು ಕಿರೀಟವೂ ಒಂದೇ ಥರ ಕಾಣುತ್ತವೆ. ಮತ್ತೆ ತಿರುಗಿಸಿ! ಹಗುರವಾದ, ಮಣ್ಣಲ್ಲೂ ಫಳಫಳ ಹೊಳೆಯುವ ಅಲ್ಯೂಮಿನಿಯಂ ಆದರೆ 1950ರ ದಶಕದ ಈಚೆಯದು. ಕಿಲುಬು ಹಿಡಿದ ಭಾರದ ಹಿತ್ತಾಳೆ, ಹಿಂದೆ ಹಳೇ ವಿಳಾಸ ಇದ್ದರೆ ವಿಕ್ಟೋರಿಯಾ ಕಾಲದ್ದು. ಅಂದ ಹಾಗೆ ಮೂರನೇ ಚಾರ್ಲ್ಸ್ 2022ರಲ್ಲಿ ದುಂಡು ಕಮಾನಿನ ಕಿರೀಟವನ್ನೇ ಮತ್ತೆ ಆರಿಸಿಕೊಂಡಿದ್ದಾನೆ, ಮುಂದೆ ಅಗೆಯುವವರಿಗೆ ಒಳ್ಳೇ ತಲೆನೋವು.

ರಾಜಲಾಂಛನದ ಗುರಾಣಿ ಇದ್ದರೆ ಲೂಪ್ ತೆಗೆಯಿರಿ. ಅದರಲ್ಲಿ ಫ್ರಾನ್ಸಿನ ಲಿಲ್ಲಿ ಹೂವಿನ ಗುರುತಿದ್ದರೆ 1801ಕ್ಕೆ ಮೊದಲು. ಗುರಾಣಿಯ ನಡುವೆ ಇನ್ನೊಂದು ಪುಟ್ಟ ಗುರಾಣಿ ಇದ್ದರೆ 1801ರಿಂದ 1837, ಅದು ಹ್ಯಾನೋವರ್ ರಾಜ್ಯದ್ದು. ವಿಕ್ಟೋರಿಯಾ ಪಟ್ಟಕ್ಕೆ ಬಂದಾಗ ಹ್ಯಾನೋವರ್ ಬೇರೆಯಾಯಿತು, ಪುಟ್ಟ ಗುರಾಣಿಯೂ ಹೋಯಿತು.

ಬರೀ ಅಂಕಿ ಇರುವ ಬಟನ್ ಅಂದರೆ ಕಾಲಾಳು ರೆಜಿಮೆಂಟಿನದು. 1767ರಲ್ಲಿ ರೆಜಿಮೆಂಟ್ ನಂಬರನ್ನು ಬಟನ್ ಮೇಲೆ ಹಾಕಬೇಕು ಅಂತ ಆಜ್ಞೆಯಾಯಿತು. ಸಾಮಾನ್ಯ ಸಿಪಾಯಿಗೆ 1855ರವರೆಗೆ ಪ್ಯೂಟರ್, ಆಮೇಲೆ ಹಿತ್ತಾಳೆ. 1871ರಲ್ಲಿ ಸಿಪಾಯಿಗಳ ನಂಬರ್ ಬಟನ್ ನಿಂತು ಎಲ್ಲರಿಗೂ ರಾಜಲಾಂಛನದ ಒಂದೇ ಥರದ ಬಟನ್ ಬಂತು. 1881ರಲ್ಲಿ ಸೈನ್ಯಕ್ಕೆ ಮಾಡಿದ ಚಿಲ್ಡರ್ಸ್ ಸುಧಾರಣೆಯಲ್ಲಿ ನಂಬರುಗಳೇ ಹೋಗಿ ಕೌಂಟಿಗಳ ಹೆಸರು ಬಂತು. ಹಾಗಾಗಿ 33 ಅಂತ ಇರುವ ಪ್ಯೂಟರ್ ಬಟನ್ ಅಂದರೆ 1767ರಿಂದ 1855ರ ನಡುವಿನದು. ಈ 33ನೇ ರೆಜಿಮೆಂಟಿಗೂ ನಮಗೂ ಸಂಬಂಧ ಇದೆ. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೈನ್ಯದಲ್ಲಿ ಅದೂ ಇತ್ತು, ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯ ಸ್ವಂತ ರೆಜಿಮೆಂಟು. ನೌಕಾಪಡೆಯ ಬಟನ್ ಆದರೆ ಲಂಗರಿನ ಮೇಲೆ ಕಿರೀಟ ಇದೆಯಾ ನೋಡಿ, ಇದ್ದರೆ 1812ರ ಈಚೆ. ರೈಲ್ವೆಯವು ತುಂಬಾ ಸುಲಭ: ಎಲ್.ಎಮ್.ಎಸ್. ಅಥವಾ ಎಲ್.ಎನ್.ಇ.ಆರ್. ಅಂತಿದ್ದರೆ 1923ರಿಂದ 1947ರ ಕಂಪನಿಗಳು.

ಪ್ರಾಣಿಯ ತಲೆ, ಕೈಯಲ್ಲಿ ಹಿಡಿದ ಕತ್ತಿ, ಕೆಳಗೆ ತಿರುಚಿದ ಹಗ್ಗದಂಥ ಪಟ್ಟಿ ಇದ್ದರೆ ಅದು ಮಿಲಿಟರಿಯದಲ್ಲ, ದೊಡ್ಡ ಮನೆತನದ ಆಳುಗಳ ಯೂನಿಫಾರ್ಮಿನದು, ಲಿವರಿ ಬಟನ್. ಒಂದೇ ಚಿಹ್ನೆ ಹತ್ತಾರು ಮನೆತನಕ್ಕೆ ಇರುತ್ತದೆ, ಹಾಗಾಗಿ ಆ ಹೊಲದ ಸುತ್ತಮುತ್ತ ಯಾರ ಬಂಗಲೆ ಇತ್ತು ಅಂತ ನೋಡಿಕೊಂಡು ಹುಡುಕೋದು ವಾಸಿ.

ಜೋಡಿ ಹೃದಯ, ಮೇಲೆ ಕಿರೀಟ ಇರುವ ಪುಟ್ಟ ಬಟನ್ ಸಿಕ್ಕರೆ ಎರಡು ಸಲ ನೋಡಿ. ಇವು ಕಫ್‌ಲಿಂಕಿನ ಅರ್ಧ ಭಾಗಗಳು, 1662ರಲ್ಲಿ ಎರಡನೇ ಚಾರ್ಲ್ಸ್ ಪೋರ್ಚುಗಲ್ಲಿನ ಕ್ಯಾಥರೀನಳನ್ನು ಮದುವೆಯಾದ ನೆನಪಿಗೆ ಬಂದವು ಅಂತ ಹೇಳುತ್ತಾರೆ. ಬ್ರಿಟಿಷರಿಗೆ ಬಾಂಬೆ ವರದಕ್ಷಿಣೆಯಾಗಿ ಸಿಕ್ಕಿದ್ದು ಇದೇ ಮದುವೆಯಲ್ಲಿ. ಇವು ಎಷ್ಟೋ ಸಲ ಬೆಳ್ಳಿಯವು, ಆಗ ಕಾನೂನು ಬರುತ್ತದೆ. ಇಂಗ್ಲೆಂಡಿನಲ್ಲಿ 1996ರ ಟ್ರೆಷರ್ ಆಕ್ಟ್ ಪ್ರಕಾರ 300 ವರ್ಷಕ್ಕಿಂತ ಹಳೇದಾದ, ಶೇಕಡ 10ರಷ್ಟಾದರೂ ಬೆಳ್ಳಿ ಚಿನ್ನ ಇರುವ ವಸ್ತು ನಿಧಿ ಅನ್ನಿಸಿಕೊಳ್ಳುತ್ತದೆ, 14 ದಿನದೊಳಗೆ ತಿಳಿಸಬೇಕು. ಹೊಲದ ಮಾಲೀಕರ ಒಪ್ಪಿಗೆ ಇಲ್ಲದೆ ಹೋಗಲೇಬೇಡಿ, ಸಂರಕ್ಷಿತ ಸ್ಮಾರಕದ ಜಾಗಕ್ಕಂತೂ ಬೇಡವೇ ಬೇಡ. ಥೇಮ್ಸ್ ದಂಡೆಯಲ್ಲಿ ಹುಡುಕಲು ಪೋರ್ಟ್ ಆಫ್ ಲಂಡನ್ ಅಥಾರಿಟಿಯ ಪರ್ಮಿಟ್ ಬೇಕು. ಸ್ಕಾಟ್ಲೆಂಡಿನ ಕಾನೂನು ಬೇರೆ, ಇನ್ನೂ ಬಿಗಿ.

ಅಮೆರಿಕದಲ್ಲಿರುವವರಿಗೆ ಚಿಕ್ಕದಾಗಿ ಹೇಳುತ್ತೇನೆ. ಅಲ್ಲಿ ಹದ್ದಿನ ಬಟನ್ನೇ ರಾಜ. ಹದ್ದಿನ ಎದೆಯ ಗುರಾಣಿಯಲ್ಲಿ ಐ ಇದ್ದರೆ ಇನ್‌ಫೆಂಟ್ರಿ (ಕಾಲಾಳು), ಸಿ ಇದ್ದರೆ ಕ್ಯಾವಲ್ರಿ (ಕುದುರೆ ಪಡೆ), ಎ ಇದ್ದರೆ ಆರ್ಟಿಲರಿ (ಫಿರಂಗಿ ಪಡೆ). ಡಿ ಇದ್ದರೆ ಡ್ರಾಗೂನ್ ಅನ್ನುವ ಕುದುರೆ ಸೈನಿಕರದು, ಅಂದರೆ ಅವರನ್ನು ಕ್ಯಾವಲ್ರಿ ಅಂತ ಮರುಹೆಸರಿಸಿದ 1861ಕ್ಕೆ ಮೊದಲಿನ ವಿನ್ಯಾಸ. 1902ರಲ್ಲಿ ಇವೆಲ್ಲ ಹೋಗಿ ದೇಶದ ಲಾಂಛನದ ಬಟನ್ ಬಂತು. ಹಿಂದೆ ವಾಟರ್‌ಬರಿಯ ಸ್ಕೋವಿಲ್ ಕಂಪನಿಯ ಹೆಸರಿದ್ದರೆ ಪಾಲುದಾರರ ಹೆಸರುಗಳನ್ನೂ ಓದಿ. ಲೆವೆನ್‌ವರ್ತ್, ಹೇಡನ್ ಅಂಡ್ ಸ್ಕೋವಿಲ್ ಅಂದರೆ 1811ರಿಂದ 1827, ಸ್ಕೋವಿಲ್ ಮ್ಯಾನುಫ್ಯಾಕ್ಚರಿಂಗ್ ಅಂದರೆ 1850ರ ಈಚೆ. ಸಿವಿಲ್ ವಾರ್ ಬಟನ್‌ಗಳಿಗೆ, ಅದರಲ್ಲೂ ದಕ್ಷಿಣದ ಸೈನ್ಯದವಕ್ಕೆ, ನಕಲಿ ಕಾಟ ವಿಪರೀತ. ದುಡ್ಡು ಕೊಟ್ಟು ತಗೊಳ್ಳುವ ಮೊದಲು ಹಿಂಬದಿಯ ಫೋಟೋ ಕೇಳಿ, ಕೊಡದಿದ್ದರೆ ಸುಮ್ನೆ ಬಿಟ್ಟುಬಿಡಿ. ಫೆಡರಲ್ ಜಮೀನಿನಲ್ಲಿ ಅಗೆಯೋದು ಅಪರಾಧ.

ಊರಲ್ಲಿ, ಅಂದರೆ ಭಾರತದಲ್ಲಿ ಇರುವವರು ಡಿಟೆಕ್ಟರ್ ತರಿಸುವ ಯೋಚನೆ ಇದ್ದರೆ ಎರಡು ಸಲ ಯೋಚಿಸಿ. 1878ರ ನಿಧಿ ಕಾಯ್ದೆ ಇವತ್ತಿಗೂ ಇದೆ, ಮಣ್ಣಲ್ಲಿ ಸಿಕ್ಕ ವಸ್ತು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದಾದರೆ ಕಲೆಕ್ಟರಿಗೆ ತಿಳಿಸಬೇಕು. ಶ್ರೀರಂಗಪಟ್ಟಣದಂಥ ಕಡೆ ಸಂರಕ್ಷಿತ ಜಾಗದಲ್ಲಿ ಅಗೆದರೆ ನೇರ ಕೇಸು. ಅದಕ್ಕಿಂತ ಮನೆಯ ಹಳೇ ಟ್ರಂಕು, ಅಜ್ಜನ ಪೊಲೀಸ್ ಕೋಟು, ಬೆಂಗಳೂರಿನ ಸಂಡೇ ಬಜಾರ್ ನೋಡಿ. ಗಂಡಭೇರುಂಡ ಇರುವ ಬಟನ್ ಕಂಡರೆ ಮೈಸೂರು ಸಂಸ್ಥಾನದ್ದು. ಅದನ್ನೂ ತಿರುಗಿಸಿ ನೋಡಿ, ಹಿಂದೆ ಲಂಡನ್ನಿನದೋ ಬರ್ಮಿಂಗ್‌ಹ್ಯಾಮಿನದೋ ಹೆಸರಿದ್ದರೆ ಮೇಲೆ ಹೇಳಿದ ಲೆಕ್ಕವೆಲ್ಲ ಅದಕ್ಕೂ ನಡೆಯುತ್ತದೆ.

ಬರೆದಿಡುವಾಗ ಒಂದೇ ವರ್ಷ ಬರೆಯಬೇಡಿ, ಇಂಥ ವರ್ಷದಿಂದ ಇಂಥ ವರ್ಷ ಅಂತ ಬರೆಯಿರಿ. ಎಲ್ಲ ಗುರುತುಗಳಲ್ಲಿ ಯಾವುದು ಎಲ್ಲಕ್ಕಿಂತ ಈಚೆಗೆ ಶುರುವಾಯಿತೋ ಬಟನ್ ಅದಕ್ಕಿಂತ ಹಳೇದಿರಲು ಸಾಧ್ಯವಿಲ್ಲ. ಅದು ತಯಾರಾದ ಕಾಲ ಮಾತ್ರ, ಮಣ್ಣಿಗೆ ಬಿದ್ದದ್ದು ಇನ್ನೂ ಮೂವತ್ತು ವರ್ಷ ಆದ ಮೇಲೆ ಇರಬಹುದು, ಒಳ್ಳೇ ಬಟನ್ನನ್ನು ಕೋಟಿಂದ ಕೋಟಿಗೆ ಹೊಲಿದುಕೊಳ್ಳುತ್ತಿದ್ದರು. ಅಗಲ, ಲೋಹ, ಕೊಂಡಿ, ಹಿಂಬರಹ, ಸಿಕ್ಕ ಜಾಗ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಬಟನ್ ಜೊತೆಯಲ್ಲೇ ಇಡಿ. ಎರಡೂ ಬದಿಯ ಫೋಟೋ ತೆಗೆಯಿರಿ. ತುಂಬಾ ಹಳೇದು ಅನ್ನಿಸಿದರೆ ಇಂಗ್ಲೆಂಡಿನಲ್ಲಿ ಜನರಿಗೆ ಸಿಕ್ಕ ಹಳೇ ವಸ್ತುಗಳನ್ನು ದಾಖಲು ಮಾಡುವ, 1997ರಲ್ಲಿ ಶುರುವಾದ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮಿನ ನಿಮ್ಮ ಕೌಂಟಿಯ ಅಧಿಕಾರಿಗೆ ತೋರಿಸಿ. ಅವರ ಆನ್‌ಲೈನ್ ಪಟ್ಟಿಯಲ್ಲಿ ಬೇಕಾದಷ್ಟು ಬಟನ್‌ಗಳ ಫೋಟೋ, ಅಳತೆ, ಕಾಲ ಎಲ್ಲ ಇದೆ, ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದು. ಹೋಗುವ ಮೊದಲು ನಿಮ್ಮದರ ಥರದ್ದು ಅಲ್ಲಿ ಇದೆಯಾ ಅಂತ ಒಂದು ಸಲ ಹುಡುಕಿ ನೋಡಿ.